ಮಸ್ಕಿಯ ಬಂಡೆ, ಹಟ್ಟಿಯ ಮರ

ಅಬಿಡ್ಸಿನ ಬ್ಯಾಂಕಿನಲ್ಲಿ ಲೆಕ್ಕ ತಾಳೆಯಾಗದೆ ಸಂಜೆ ಮನೆಗೆ ಹೊರಡುವಂತಿಲ್ಲ. ಇತಿಹಾಸಕ್ಕೂ ಇದೇ ನಿಯಮ ಒಪ್ಪುವುದೆಂಬುದಕ್ಕೆ ನಮ್ಮ ರಾಯಚೂರು ಸೀಮೆಯೇ ಸಾಕ್ಷಿ.

1915ರ ಜನವರಿಯಲ್ಲಿ, ಚಿನ್ನದ ನಿಕ್ಷೇಪ ಅರಸುತ್ತಿದ್ದ ಬೀಡನ್ ಎಂಬ ಎಂಜಿನಿಯರು ಮಸ್ಕಿಯ ಬಂಡೆಯ ಮೇಲೆ ಬ್ರಾಹ್ಮೀ ಶಾಸನವೊಂದನ್ನು ಕಂಡರು. ಅದುವರೆಗಿನ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಷ್ಟೇ ಇದ್ದುವು. ಇದರಲ್ಲಿ ಅಶೋಕನೆಂಬ ಹೆಸರೇ ದೊರೆಯಿತು. ಅಂದು ರಾಯಚೂರು ನಿಜಾಮರ ಸಂಸ್ಥಾನಕ್ಕೆ ಸೇರಿತ್ತು. ಹೊಸಕೋಟೆ ಕೃಷ್ಣಶಾಸ್ತ್ರಿಗಳು ಸಂಪಾದಿಸಿದ ಈ ಶಾಸನವು ಅದೇ ವರ್ಷ ಹೈದರಾಬಾದ್ ಪುರಾತತ್ತ್ವ ಗ್ರಂಥಮಾಲೆಯ ಮೊದಲನೆಯ ಗ್ರಂಥವಾಗಿ ಹೊರಬಂದಿತು.

ಇದು ಅಕ್ಷರದ ಲೆಕ್ಕ. ರಸಾಯನದ ಲೆಕ್ಕ ಅದೇ ಸೀಮೆಯ ಹಟ್ಟಿಯಲ್ಲಿದೆ. ಅಲ್ಲಿನ ಚಿನ್ನದ ಗಣಿಯ ಹಳೆಯ ಸುರಂಗಗಳಲ್ಲಿ ಮರದ ತುಂಡುಗಳು ಸಿಕ್ಕಿದುವು. ಸತ್ತ ಮರದಲ್ಲಿನ ಇಂಗಾಲ-14 ಸುಮಾರು 5730 ವರ್ಷಗಳಲ್ಲಿ ಅರ್ಧಕ್ಕಿಳಿಯುತ್ತದೆ. ಉಳಿದುದನ್ನು ಅಳೆದರೆ ಮರದ ವಯಸ್ಸು ತಿಳಿಯುತ್ತದೆ. ಈ ವಿಧಾನಕ್ಕಾಗಿ ಲಿಬ್ಬಿಯವರಿಗೆ 1960ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ಸಂದಿತು. ಹಟ್ಟಿಯ ಮರದ ವಯಸ್ಸು ಸುಮಾರು 2000 ವರ್ಷವೆಂದು ಕಂಡುಬಂದಿದೆ.

ಹಾಗಾದರೆ ಅಶೋಕನೇ ಆ ಗಣಿ ತೋಡಿಸಿದನೆ? ಹಾಗೆನ್ನುವ ಆಸೆ ನಮಗೂ ಉಂಟು. ಆದರೆ ಮರವು ಅಶೋಕನಿಗಿಂತ ಶತಮಾನಗಳಷ್ಟು ಈಚಿನದು, ಲೆಕ್ಕ ತಾಳೆಯಾಗುವುದಿಲ್ಲ. ಆ ಪ್ರಾಚೀನ ಕಾಲದಲ್ಲಿಯೇ ಅಲ್ಲಿ ಜನ ಆಳಕ್ಕಿಳಿದು ಚಿನ್ನ ತೆಗೆಯುತ್ತಿದ್ದರೆಂಬುದು ಮಾತ್ರ ಸಿದ್ಧ.

ಪರಊರಿನಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ನಾಡಿನ ಹಿರಿಮೆಯನ್ನು ತಾಳೆಯಾದಷ್ಟೇ ಹೇಳೋಣ. ಅಭಿಮಾನಕ್ಕೆ ಅದು ಧಾರಾಳವಾಗಿ ಸಾಕು.