ಬೀಗದ ಗುರುತು: ಜಾಲತಾಣಗಳ ನಂಬಿಕೆಯ ಚರಿತ್ರೆಯಿಂದ ಕೆಲವು ಪುಟಗಳು

ಗ್ರಾಹಕನು ಅಂಗಡಿಯ ಮೆಟ್ಟಿಲೇರುವಾಗ ಹಲವು ಸಂಗತಿಗಳನ್ನು ತನಗರಿವಿಲ್ಲದಂತೆಯೇ ಅಳೆದು ನೋಡುತ್ತಾನೆ. ಗಲ್ಲಾಪೆಟ್ಟಿಗೆಯ ಬಳಿ ಕುಳಿತವರು ಯಾರು, ಅಂಗಡಿಯು ಎಷ್ಟು ಕಾಲದಿಂದ ಅದೇ ಬೀದಿಯಲ್ಲಿದೆ, ತಕ್ಕಡಿಯ ಮುಳ್ಳು ನೆಟ್ಟಗೆ ನಿಲ್ಲುತ್ತದೆಯೆ, ಹಳಸಿದ ಸರಕನ್ನು ಹಿಂದಿರುಗಿಸಿದರೆ ಮುಖ ಹೇಗಿರುತ್ತದೆ ಎಂಬುದೆಲ್ಲ ಆ ಅಳತೆಯಲ್ಲಿ ಸೇರಿರುತ್ತದೆ. ಅಂತರಜಾಲದ ಅಂಗಡಿಗೆ ಬೀದಿಯಿಲ್ಲ, ಮುಖವಿಲ್ಲ, ತಕ್ಕಡಿಯೂ ಇಲ್ಲ. ಹಾಗಿದ್ದೂ ಕೋಟ್ಯಂತರ ಜನರು ಅಲ್ಲಿ ಹಣವನ್ನು ಒಪ್ಪಿಸುತ್ತಿದ್ದಾರೆ. ಈ ನಂಬಿಕೆಯನ್ನು ಹುಟ್ಟಿಸಲು ಯಾವ ಗುರುತುಗಳನ್ನು ಬಳಸಲಾಯಿತು, ಅವು ಎಷ್ಟರಮಟ್ಟಿಗೆ ಸತ್ಯವನ್ನು ಹೇಳಿದವು ಎಂಬುದಕ್ಕೆ ಈಗ ಮೂವತ್ತು ವರ್ಷಗಳ ಚರಿತ್ರೆಯಿದೆ.

1994ರ ಆಗಸ್ಟ್ 11ರಂದು ಅಮೆರಿಕದ ನೆಟ್‌ಮಾರ್ಕೆಟ್ ಎಂಬ ಚಿಕ್ಕ ಸಂಸ್ಥೆಯು ಗಾಯಕ ಸ್ಟಿಂಗ್ ಅವರ ಹಾಡುಗಳ ಒಂದು ಸಿ.ಡಿ.ಯನ್ನು ಅಂತರಜಾಲದ ಮೂಲಕ ಮಾರಿತು. ಬೆಲೆ 12 ಡಾಲರ್ 48 ಸೆಂಟ್. ಸಾಗಣೆಯ ವೆಚ್ಚ ಬೇರೆ. ಇಷ್ಟು ಸಣ್ಣ ವ್ಯಾಪಾರವು ಮರುದಿನದ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಸುದ್ದಿಯಾದದ್ದಕ್ಕೆ ಕಾರಣವಿತ್ತು. ಕೊಂಡವನ ಕ್ರೆಡಿಟ್ ಕಾರ್ಡಿನ ಸಂಖ್ಯೆಯು ಗೂಢಲಿಪಿಯಲ್ಲಿ ಅಡಗಿ ಪ್ರಯಾಣಮಾಡಿತ್ತು; ನಡುದಾರಿಯಲ್ಲಿ ಯಾರೂ ಅದನ್ನು ಓದುವಂತಿರಲಿಲ್ಲ. ಅದೇ ವರ್ಷದ ಕೊನೆಯಲ್ಲಿ ಬಂದ ನೆಟ್‌ಸ್ಕೇಪ್ ಬ್ರೌಸರ್ ಈ ರಕ್ಷಣೆಯನ್ನು ಸಾಮಾನ್ಯರ ಕಣ್ಣಿಗೆ ಕಾಣುವಂತೆ ಮಾಡಿತು. ಪರದೆಯ ಮೂಲೆಯಲ್ಲಿ ಒಂದು ಕೀಲಿಕೈಯ ಚಿತ್ರ. ರಕ್ಷಣೆಯಿದ್ದರೆ ಇಡೀ ಕೀಲಿಕೈ, ಇಲ್ಲದಿದ್ದರೆ ಮುರಿದ ಕೀಲಿಕೈ. ಮುಂದೆ ಕೀಲಿಕೈಯ ಸ್ಥಾನವನ್ನು ಬೀಗ ಆಕ್ರಮಿಸಿತು. ತಾಣದ ಹೆಸರಿಗೆ ಪ್ರಮಾಣಪತ್ರವನ್ನು ಕೊಡುವ ವೆರಿಸೈನ್ ಮುಂತಾದ ಸಂಸ್ಥೆಗಳೂ 1995ರಿಂದ ತಲೆಯೆತ್ತಿದವು.

ಈ ಬೀಗವು ಹೇಳುತ್ತಿದ್ದುದು ಎರಡೇ ಮಾತು: ಹೋಗುವ ಪತ್ರವನ್ನು ನಡುವೆ ಯಾರೂ ಒಡೆಯಲಾರರು; ಪತ್ರವು ವಿಳಾಸದಲ್ಲಿ ಬರೆದ ಹೆಸರಿಗೇ ತಲುಪುತ್ತದೆ. ಆ ಹೆಸರಿನವನು ಸಜ್ಜನನೋ ವಂಚಕನೋ ಎಂಬ ವಿಚಾರದಲ್ಲಿ ಅದು ಮೌನಿ. ಅರಗಿನ ಮುದ್ರೆ ಒತ್ತಿದ ಲಕೋಟೆಯು ದಾರಿಯಲ್ಲಿ ಒಡೆದಿಲ್ಲವೆಂದು ತಿಳಿಯಬಹುದೇ ಹೊರತು ಒಳಗಿನ ಹುಂಡಿಗೆ ಹಣ ಸಲ್ಲುತ್ತದೆಂದು ತಿಳಿಯಲಾಗದು. ಹಿಂದಿನ ವರ್ತಕರು ಇವೆರಡನ್ನೂ ಎಂದಿಗೂ ಒಂದೆಂದು ಭಾವಿಸಿದವರಲ್ಲ. ಆದರೆ ಪರದೆಯ ಮುಂದೆ ಕುಳಿತ ಬಳಕೆದಾರರು ಬೀಗವನ್ನು ಪ್ರಾಮಾಣಿಕತೆಯ ಪದಕವೆಂದೇ ತಿಳಿದರು. ಅನೇಕ ಸಂಸ್ಥೆಗಳು ಹಾಗೆ ತಿಳಿಯುವಂತೆಯೇ ಉಪದೇಶಿಸಿದವು.

ಪ್ರಮಾಣಪತ್ರ ಕೊಡುವವರೇ ಎಡವಿದ ಪ್ರಸಂಗಗಳೂ ಉಂಟು. 2001ರ ಜನವರಿಯಲ್ಲಿ ಮೈಕ್ರೋಸಾಫ್ಟಿನ ನೌಕರನೆಂದು ಸುಳ್ಳು ಹೇಳಿದ ವ್ಯಕ್ತಿಗೆ ವೆರಿಸೈನ್ ಸಂಸ್ಥೆಯು ಆ ಕಂಪನಿಯ ಹೆಸರಿನಲ್ಲಿ ಎರಡು ಪ್ರಮಾಣಪತ್ರಗಳನ್ನು ಕೊಟ್ಟುಬಿಟ್ಟಿತು. ಹತ್ತು ವರ್ಷಗಳ ಬಳಿಕ ನೆದರ್‌ಲೆಂಡ್ಸಿನಲ್ಲಿ ನಡೆದುದು ಇದಕ್ಕಿಂತ ಘೋರವಾದುದು. ಡಿಜಿನೋಟಾರ್ ಎಂಬ ಸಂಸ್ಥೆಯ (ಹೆಸರಿನಲ್ಲಿಯೇ ನೋಟರಿ ಎಂಬ ಪದವಿದೆ!) ಗಣಕಯಂತ್ರಗಳಿಗೆ 2011ರ ಬೇಸಿಗೆಯಲ್ಲಿ ಕನ್ನ ಬಿದ್ದು ಐನೂರಕ್ಕೂ ಹೆಚ್ಚು ಖೋಟಾ ಪ್ರಮಾಣಪತ್ರಗಳು ಹೊರಬಂದವು. ಗೂಗಲ್ ಹೆಸರಿನಲ್ಲಿದ್ದ ಒಂದನ್ನು ಬಳಸಿ ಇರಾನಿನ ಲಕ್ಷಾಂತರ ಬಳಕೆದಾರರ ಅಂಚೆಯನ್ನು ನಡುವೆ ನಿಂತು ಓದಲು ದಾರಿಯಾಯಿತು. ಅವರ ಪರದೆಯ ಮೇಲೆ ಮಾತ್ರ ಬೀಗ ಎಂದಿನಂತೆ ಕಾಣುತ್ತಿತ್ತು. ಕನ್ನವು ಜುಲೈ ತಿಂಗಳಲ್ಲಿಯೇ ಸಂಸ್ಥೆಗೆ ತಿಳಿದಿತ್ತು. ಅದು ಕೆಲವು ಪತ್ರಗಳನ್ನು ಸದ್ದಿಲ್ಲದೆ ರದ್ದುಪಡಿಸಿ ಸುಮ್ಮನಾಯಿತು, ಲೋಕಕ್ಕೆ ಹೇಳಲಿಲ್ಲ. ಆಗಸ್ಟ್ ಕೊನೆಯಲ್ಲಿ ಇರಾನಿನ ಬಳಕೆದಾರನೊಬ್ಬನು ತನ್ನ ಬ್ರೌಸರ್ ಕೊಟ್ಟ ಎಚ್ಚರಿಕೆಯನ್ನು ಬಹಿರಂಗಪಡಿಸಿದಾಗ ವಿಷಯ ಬಯಲಾಯಿತು. ಬ್ರೌಸರ್ ತಯಾರಕರೆಲ್ಲರೂ ಆ ಸಂಸ್ಥೆಯನ್ನು ತಮ್ಮ ನಂಬಿಕೆಯ ಪಟ್ಟಿಯಿಂದ ತೆಗೆದುಹಾಕಿದರು. ಸೆಪ್ಟೆಂಬರ್ 20ರಂದು ಅದು ದಿವಾಳಿಯೆಂದು ಘೋಷಿತವಾಯಿತು. ಕನ್ನ ಬಿದ್ದುದಕ್ಕಿಂತಲೂ ಅದನ್ನು ಮುಚ್ಚಿಟ್ಟುದೇ ಇಲ್ಲಿ ದೊಡ್ಡ ದೋಷವೆನ್ನಬೇಕು. ನಂಬಿಕೆಯೊಂದೇ ಸರಕಾಗಿರುವ ಅಂಗಡಿಯಲ್ಲಿ ಆ ಮೌನಕ್ಕೆ ಬೆಲೆ ತೆರದೆ ಗತ್ಯಂತರವಿರಲಿಲ್ಲ.

ಬೀಗವು ಪ್ರಾಮಾಣಿಕತೆಯ ಬಗ್ಗೆ ಮೌನವಾಗಿದ್ದುದರಿಂದ ಆ ಕೊರತೆಯನ್ನು ತುಂಬಲು ಮತ್ತೊಂದು ಬಗೆಯ ಮುದ್ರೆಗಳು ಬಂದವು. ಅವುಗಳಲ್ಲಿ ಹೆಸರುವಾಸಿಯಾದುದು 1997ರಲ್ಲಿ ಲಾಭರಹಿತ ಸಂಸ್ಥೆಯಾಗಿ ಆರಂಭವಾದ ಟ್ರಸ್ಟ್-ಇ. ಗ್ರಾಹಕರ ಖಾಸಗಿ ವಿವರಗಳನ್ನು ಹೇಗೆ ಬಳಸುವುದಾಗಿ ತಾಣವು ಹೇಳಿಕೊಂಡಿದೆಯೋ ಹಾಗೆಯೇ ನಡೆದುಕೊಳ್ಳುತ್ತದೆಯೆ ಎಂದು ಪರಿಶೀಲಿಸಿ ತನ್ನ ಮುದ್ರೆಯನ್ನು ಕೊಡುವುದು ಅದರ ಕಾರ್ಯ. ಉದ್ದೇಶ ಒಳ್ಳೆಯದೇ. ಆದರೆ ಶುಲ್ಕವನ್ನು ಕೊಡುತ್ತಿದ್ದವರು ಪರಿಶೀಲನೆಗೆ ಒಳಗಾಗುವ ತಾಣಗಳೇ. ಲೆಕ್ಕಪರಿಶೋಧಕನ ಸಂಭಾವನೆಯನ್ನು ಪರಿಶೋಧಿತ ಸಂಸ್ಥೆಯೇ ಕೊಡುವುದರ ತೊಡಕು ವಾಣಿಜ್ಯಶಾಸ್ತ್ರವನ್ನು ಓದಿದವರಿಗೆ ಹೊಸದಲ್ಲ. ಅಲ್ಲಿಯಾದರೂ ಕಾನೂನಿನ ಕಟ್ಟುಪಾಡುಗಳಿವೆ, ಇಲ್ಲಿ ಅವೂ ವಿರಳ. 2006ರಲ್ಲಿ ಹಾರ್ವರ್ಡಿನ ಸಂಶೋಧಕ ಬೆಂಜಮಿನ್ ಎಡೆಲ್‌ಮನ್ ಅವರು ಮುದ್ರೆಯುಳ್ಳ ತಾಣಗಳನ್ನೂ ಮುದ್ರೆಯಿಲ್ಲದವುಗಳನ್ನೂ ಹೋಲಿಸಿ ನೋಡಿದರು. ಟ್ರಸ್ಟ್-ಇ ಮುದ್ರೆಯುಳ್ಳ ತಾಣಗಳು ನಂಬಿಕೆಗೆ ಅನರ್ಹವಾಗಿರುವ ಸಂಭವವು ಮುದ್ರೆಯಿಲ್ಲದವುಗಳಿಗಿಂತ ಎರಡು ಪಟ್ಟಿಗೂ ಅಧಿಕವೆಂದು ಅವರ ಲೆಕ್ಕ ತೋರಿಸಿತು. ಕಾರಣವೇನೂ ನಿಗೂಢವಲ್ಲ. ಹೆಸರುಳ್ಳ ವರ್ತಕನಿಗೆ ಮುದ್ರೆಯ ಅಗತ್ಯ ಕಡಿಮೆ. ಶಂಕೆಗೆ ಆಸ್ಪದವಿರುವವನೇ ಅದಕ್ಕಾಗಿ ಹಾತೊರೆಯುತ್ತಾನೆ. ಪರೀಕ್ಷೆಯು ಸಡಿಲವಾಗಿದ್ದರೆ ಮುದ್ರೆಯು ಅಂಥವರ ಕೈಯಲ್ಲಿಯೇ ಹೆಚ್ಚಾಗಿ ಶೇಖರವಾಗುತ್ತದೆ.

ಈ ಸಂಸ್ಥೆಯು 2008ರಲ್ಲಿ ಲಾಭದ ಕಂಪನಿಯಾಗಿ ಪರಿವರ್ತನೆಗೊಂಡಿತು. 2014ರ ನವೆಂಬರಿನಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಅದರ ಮೇಲೆ ಹೊರಿಸಿದ ಆಪಾದನೆಗಳು ಎರಡು. ವರ್ಷಕ್ಕೊಮ್ಮೆ ಮರುಪರಿಶೀಲನೆ ನಡೆಸುವುದಾಗಿ ಹೇಳಿಕೊಂಡಿದ್ದರೂ 2006ರಿಂದ 2013ರವರೆಗೆ ಸಾವಿರಕ್ಕೂ ಮೀರಿದ ಪ್ರಸಂಗಗಳಲ್ಲಿ ಅದನ್ನು ನಡೆಸಿರಲಿಲ್ಲ. ಕಂಪನಿಯಾದ ಮೇಲೂ ಗ್ರಾಹಕ ತಾಣಗಳು ತನ್ನನ್ನು ಲಾಭರಹಿತ ಸಂಸ್ಥೆಯೆಂದೇ ಬಣ್ಣಿಸಲು ಅದು ಬಿಟ್ಟಿತ್ತು. ಎರಡು ಲಕ್ಷ ಡಾಲರ್ ತೆತ್ತು ಸಂಸ್ಥೆಯು ಪ್ರಕರಣವನ್ನು ಇತ್ಯರ್ಥಪಡಿಸಿಕೊಂಡಿತು.

ಇಷ್ಟೆಲ್ಲ ಗುರುತುಗಳನ್ನು ನಿರ್ಮಿಸಿದ ಮೇಲೆ ಬಳಕೆದಾರರು ನಿಜಕ್ಕೂ ನೋಡುತ್ತಿದ್ದುದೇನನ್ನು? 2002ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಬಿ. ಜೆ. ಫಾಗ್ ಮತ್ತು ಅವರ ಸಂಗಡಿಗರು 2,684 ಮಂದಿಗೆ ತಲಾ ಎರಡು ತಾಣಗಳನ್ನು ತೋರಿಸಿ ಯಾವುದು ಹೆಚ್ಚು ನಂಬಲರ್ಹವೆಂದು ಕೇಳಿದರು. ಬಂದ ಅಭಿಪ್ರಾಯಗಳ ಪೈಕಿ ಶೇಕಡಾ 46.1ರಲ್ಲಿ ಪ್ರಸ್ತಾಪಿತವಾದುದು ತಾಣದ ಹೊರನೋಟ: ಬಣ್ಣ, ಅಕ್ಷರ, ಜೋಡಣೆ. ಹಣಕಾಸಿನ ತಾಣಗಳ ವಿಚಾರದಲ್ಲಿ ಈ ಪ್ರಮಾಣವು ಇನ್ನೂ ಏರಿ 54.6 ಆಯಿತೆಂಬುದು ಸೋಜಿಗ. ಖಾಸಗಿ ವಿವರಗಳ ನೀತಿಯನ್ನು ಪ್ರಸ್ತಾಪಿಸಿದವು ಶೇಕಡಾ ಒಂದಕ್ಕೂ ಕಡಿಮೆ. ಅದೇ ಸಮಯದಲ್ಲಿ ಆರೋಗ್ಯ ಮತ್ತು ಹಣಕಾಸು ಕ್ಷೇತ್ರಗಳ 15 ಮಂದಿ ತಜ್ಞರನ್ನು ಬೇರೆಯಾಗಿ ಕೇಳಿದಾಗ, ಅವರು ಹೊರನೋಟಕ್ಕೆ ಅಷ್ಟು ಬೆಲೆ ಕೊಡದೆ, ಮಾಹಿತಿ ಯಾರಿಂದ ಬಂತು, ಅದರಲ್ಲಿ ಹುರುಳೆಷ್ಟು ಎಂಬುದನ್ನು ವಿಚಾರಿಸಿದರು.

2006ರ ಮತ್ತೊಂದು ಪ್ರಯೋಗವು ಇದಕ್ಕೆ ಉದಾಹರಣೆಯಂತಿದೆ. ಅಮೆರಿಕದ ಮೂವರು ವಿದ್ವಾಂಸರು 22 ಜನರ ಮುಂದೆ ಅಸಲಿ ಮತ್ತು ನಕಲಿ ತಾಣಗಳನ್ನು ಬೆರೆಸಿಟ್ಟರು. ಅತ್ಯಂತ ಜಾಣತನದ ನಕಲಿಯು ಬ್ಯಾಂಕ್ ಆಫ್ ದ ವೆಸ್ಟ್ ಎಂಬ ಬ್ಯಾಂಕಿನದು. ವಿಳಾಸದಲ್ಲಿ ಇಂಗ್ಲಿಷಿನ 'ಡಬ್ಲ್ಯು' ಇರಬೇಕಾದೆಡೆ ಎರಡು 'ವಿ'ಗಳನ್ನು ಒತ್ತೊತ್ತಾಗಿ ಇರಿಸಲಾಗಿತ್ತು. ಇಪ್ಪತ್ತೆರಡರಲ್ಲಿ ಇಪ್ಪತ್ತು ಮಂದಿ ಮೋಸಹೋದರು. ಪುಟದಲ್ಲಿ ಚಲಿಸುವ ಕರಡಿಯ ಚಿತ್ರವೊಂದಿತ್ತು. ಇಷ್ಟು ಅಂದವಾದುದನ್ನು ನಕಲು ಮಾಡುವುದು ಕಷ್ಟವೆಂಬುದು ಹಲವರ ತರ್ಕ. ಚಿತ್ರವನ್ನು ನಕಲಿಸುವುದಕ್ಕೆ ತಗಲುವುದು ಕೆಲವೇ ಕ್ಷಣಗಳು. ಒಟ್ಟಾರೆ ಶೇಕಡಾ 23ರಷ್ಟು ಮಂದಿ ವಿಳಾಸದ ಪಟ್ಟಿಯನ್ನಾಗಲಿ ಬೀಗವನ್ನಾಗಲಿ ನೋಡಿಯೇ ಇರಲಿಲ್ಲ.

ಕಂಪನಿಯ ನೋಂದಣಿ ದಾಖಲೆಗಳನ್ನು ಪರಿಶೀಲಿಸಿ ಅದರ ಹೆಸರನ್ನು ಹಸಿರು ಬಣ್ಣದಲ್ಲಿ ತೋರಿಸುವ ಏರ್ಪಾಡು 2007ರ ಸುಮಾರಿಗೆ ಬಂತು. 2017ರಲ್ಲಿ ಸಂಶೋಧಕನೊಬ್ಬನು ಕೆಂಟಕಿ ರಾಜ್ಯದಲ್ಲಿ ಸುಮಾರು ನೂರು ಡಾಲರ್ ವೆಚ್ಚದಲ್ಲಿ ಸ್ಟ್ರೈಪ್ ಎಂಬ ಹೆಸರಿನ ಕಂಪನಿಯನ್ನು ಕಾನೂನುಬದ್ಧವಾಗಿಯೇ ನೋಂದಾಯಿಸಿ, ಅದೇ ಹೆಸರಿನ ಪ್ರಸಿದ್ಧ ಹಣಪಾವತಿ ಸಂಸ್ಥೆಯಂತೆ ತೋರುವ ಹಸಿರು ಪಟ್ಟಿಯನ್ನು ಪಡೆದು ತೋರಿಸಿದನು. 2019ರಲ್ಲಿ ಪ್ರಮುಖ ಬ್ರೌಸರುಗಳು ಹಸಿರು ಪಟ್ಟಿಯನ್ನು ತೆಗೆದವು.

ಬೀಗಕ್ಕೂ ಅಂಥದೇ ಗತಿ ಕಾದಿತ್ತು. 2015ರ ಕೊನೆಯಲ್ಲಿ ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸೇವೆಯು ಉಚಿತ ಪ್ರಮಾಣಪತ್ರಗಳನ್ನು ಕೊಡಲಾರಂಭಿಸಿತು. ಇದರಿಂದ ಸಣ್ಣ ಸಂಘಸಂಸ್ಥೆಗಳಿಗೂ ರಕ್ಷಣೆ ಒದಗಿದುದು ನಿಜವಾದ ಉಪಕಾರ. ಬೀಗ ವಂಚಕನಿಗೂ ಪುಕ್ಕಟೆಯಾಯಿತು. 2019ರ ಅಂತ್ಯಕ್ಕೆ ಮೋಸದ ತಾಣಗಳಲ್ಲಿ ಸುಮಾರು ಮುಕ್ಕಾಲು ಪಾಲು ಬೀಗವನ್ನು ಧರಿಸಿದ್ದವು. ಬೀಗದ ನಿಜಾರ್ಥವನ್ನು ಸರಿಯಾಗಿ ತಿಳಿದವರು ಶೇಕಡಾ 11 ಮಾತ್ರವೆಂದು ಗೂಗಲ್ ತಾನೇ ನಡೆಸಿದ ಅಧ್ಯಯನದಲ್ಲಿ ಕಂಡುಕೊಂಡಿತು. 2023ರ ಸೆಪ್ಟೆಂಬರಿನಲ್ಲಿ ಕ್ರೋಮ್ ಬ್ರೌಸರಿನಿಂದ ಬೀಗ ಮರೆಯಾಗಿ, ಆ ಜಾಗಕ್ಕೆ ನಂಬಿಕೆಯ ಸೂಚನೆಯಿಲ್ಲದ ಸಾಮಾನ್ಯ ಚಿಹ್ನೆಯೊಂದು ಬಂತು.

ಭಾರತದಲ್ಲಿ ಈ ಚರಿತ್ರೆಯು ಯಾತ್ರಿಕರ ಮನೆಬಾಗಿಲಿಗೇ ಬಂದು ನಿಂತಿದೆ. ಕೇದಾರನಾಥದ ಹೆಲಿಕಾಪ್ಟರ್ ಪ್ರಯಾಣ, ಯಾತ್ರಾಸ್ಥಳಗಳ ಅತಿಥಿಗೃಹ ಮುಂತಾದವುಗಳ ಹೆಸರಿನಲ್ಲಿ ನಕಲಿ ತಾಣಗಳು ಮುಂಗಡ ಹಣ ಪಡೆದು ಮಾಯವಾಗುತ್ತಿವೆಯೆಂದು ಕೇಂದ್ರ ಗೃಹ ಸಚಿವಾಲಯದ ಭಾರತೀಯ ಸೈಬರ್ ಅಪರಾಧ ಸಮನ್ವಯ ಕೇಂದ್ರವು 2025ರ ಏಪ್ರಿಲ್‌ನಲ್ಲಿ ಎಚ್ಚರಿಸಿತು. ಆ ತಾಣಗಳೆಲ್ಲ ನೋಡಲು ಅಂದವಾಗಿಯೇ ಇರುತ್ತವೆ. ಬ್ಯಾಂಕುಗಳಿಗಾದರೋ ರಿಸರ್ವ್ ಬ್ಯಾಂಕು ಬೇರೊಂದು ಮಾರ್ಗವನ್ನು ಹಿಡಿಯಿತು. ಬ್ಯಾಂಕುಗಳಿಗಷ್ಟೇ ಕಾದಿರಿಸಿದ 'ಬ್ಯಾಂಕ್ ಡಾಟ್ ಇನ್' ಎಂಬ ವಿಳಾಸಕ್ಕೆ ಎಲ್ಲ ಬ್ಯಾಂಕುಗಳೂ 2025ರ ಅಕ್ಟೋಬರ್ 31ರೊಳಗೆ ಬದಲಾಗಬೇಕೆಂದು ವಿಧಿಸಿತು. ಅರ್ಜಿ ಬಂದುದು ನಿಜವಾದ ಬ್ಯಾಂಕಿನಿಂದಲೇ ಎಂದು ನೋಡಿ ನೋಂದಾಯಿಸುವ ಹೊಣೆಯು ಹೈದರಾಬಾದಿನ ಐ.ಡಿ.ಆರ್.ಬಿ.ಟಿ. ಸಂಸ್ಥೆಯದು. ಸರ್ಕಾರದ ಅಧೀನದಲ್ಲಿರುವ ತಿರುಮಲ ದೇವಸ್ಥಾನಕ್ಕೆ ಸರ್ಕಾರಿ ವಿಳಾಸದ ಆಸರೆಯಿದೆ. ಖಾಸಗಿ ಟ್ರಸ್ಟುಗಳ ಬಸದಿ, ಧರ್ಮಶಾಲೆ, ಅನ್ನಛತ್ರಗಳಿಗೆ ಅಂಥ ಆಸರೆಯಿಲ್ಲ. ತಾಣದ ವಿಳಾಸವನ್ನೂ ಬ್ಯಾಂಕ್ ಖಾತೆಯ ಹೆಸರನ್ನೂ ರಶೀದಿ ಪುಸ್ತಕದಲ್ಲಿ, ಯಾತ್ರೆಯ ಕರಪತ್ರದಲ್ಲಿ, ಕಚೇರಿಯ ಗೋಡೆಯಲ್ಲಿ ಅಚ್ಚಿನಲ್ಲಿ ತೋರಿಸುವ ಟ್ರಸ್ಟಿನ ಭಕ್ತರಿಗೆ ಪರದೆಯ ಮೇಲಿರುವುದನ್ನು ಒರೆಹಚ್ಚಿ ನೋಡಲು ಏನಾದರೂ ಕೈಯಲ್ಲಿರುತ್ತದೆ. ಈಗಾಗಲೇ ಹಣ ಕಳೆದುಕೊಂಡವರು ತಡಮಾಡದೆ ಕರೆಮಾಡಬೇಕಾದ ಸರ್ಕಾರಿ ಸಹಾಯವಾಣಿಯ ಸಂಖ್ಯೆ 1930.