ಪೆಟ್ರೋಲಿನ ಸೀಸ ನೀರಿಗಿಳಿದ ಕಥೆ

ಚಿಂತಾಮಣಿ ತಾಲ್ಲೂಕಿನ ಕೆಂಚಾರ್ಲಹಳ್ಳಿಯ ಸೀಮೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ, ಕೆರೆಗಳೇ ಆಧಾರ. ಮಳೆ ಬಂದಾಗ ಗಮನಿಸಿ: ರಸ್ತೆ ತೊಳೆದ ನೀರು ಚರಂಡಿಗಿಳಿದು ತಗ್ಗಿನ ಕೆರೆಯತ್ತ ಹರಿಯುತ್ತದೆ. ವಾಹನಗಳು ರಸ್ತೆಯಲ್ಲಿ ಬಿಟ್ಟುಹೋದದ್ದೂ ಅದರ ಜೊತೆಗೇ ಸಾಗುತ್ತದೆ.

1921ರಲ್ಲಿ ಅಮೆರಿಕದ ಥಾಮಸ್ ಮಿಜ್ಲಿ, ಇಂಧನ ಸರಿಯಾಗಿ ಉರಿಯದೆ ಎಂಜಿನ್ನಿನಲ್ಲಿ ಉಂಟಾಗುವ ಬಡಿತವನ್ನು ಟೆಟ್ರಾಈಥೈಲ್ ಸೀಸ ತಡೆಯುವುದೆಂದು ಕಂಡುಕೊಂಡರು. ಹೊಗೆಯೊಡನೆ ಹೊರಬಿದ್ದ ಸೀಸ ನೆಲ, ನೀರುಗಳ ಮೇಲೆ ಕುಳಿತಿತು. 1960ರ ದಶಕದಲ್ಲಿ ಭೂರಸಾಯನ ವಿಜ್ಞಾನಿ ಕ್ಲೇರ್ ಪ್ಯಾಟರ್ಸನ್, ಸಾಗರದ ಮೇಲ್ಪದರದಲ್ಲಿ ಆಳಕ್ಕಿಂತ ಹೆಚ್ಚು ಸೀಸವಿರುವುದನ್ನು ತೋರಿಸಿದರು. ಅಂದರೆ ಅದು ಇತ್ತೀಚೆಗೆ, ಗಾಳಿಯಿಂದ ಇಳಿದದ್ದು!

ಭಾರತದಲ್ಲಿ ಸೀಸರಹಿತ ಪೆಟ್ರೋಲ್ 1995ರಲ್ಲಿ ನಾಲ್ಕು ಮಹಾನಗರಗಳಿಗೆ, 2000ದಲ್ಲಿ ದೇಶಕ್ಕೆಲ್ಲ ಬಂದಿತು. 2021ರಲ್ಲಿ ಅಲ್ಜೀರಿಯ ಕೈಬಿಡುವುದರೊಂದಿಗೆ ವಾಹನಗಳಿಗೆ ಸೀಸಯುಕ್ತ ಪೆಟ್ರೋಲಿನ ಮಾರಾಟ ಜಗತ್ತಿನಲ್ಲೇ ನಿಂತಿತು.

ಆದರೆ ಸೀಸ ಕೊಳೆತು ಕರಗುವ ವಸ್ತುವಲ್ಲ. ನೀರು ಸೇರಿದ ಸೀಸದ ಬಹುಪಾಲು ಹೂಳಿನಲ್ಲಿ ಉಳಿಯುತ್ತದೆ. ಕೆರೆಯ ಗೋಡನ್ನು ಹೊಲಕ್ಕೆ ಹೊಡೆಯುವ ನಮ್ಮ ರೈತರಿಗೆ ಇದು ದೂರದ ಮಾತಲ್ಲ. ಹೆದ್ದಾರಿ ಬದಿಯ ಕೆರೆಯ ಹೂಳನ್ನು ಪರೀಕ್ಷಿಸಿ ಬಳಸುವುದು ಒಳಿತು.

ಸೀಸ ಹೋದರೂ ಸೋರಿದ ಆಯಿಲ್, ಬ್ರೇಕಿನ ತಾಮ್ರದ ಪುಡಿ, ಟೈರಿನ ಸವಕಲು ಉಳಿದಿವೆ. ಇವುಗಳಲ್ಲಿ ಕೆಲವಕ್ಕೆ ಸರ್ಕಾರದ ಆದೇಶವನ್ನು ಕಾಯಬೇಕಿಲ್ಲ. ಟ್ರ್ಯಾಕ್ಟರನ್ನು ಕೆರೆಗಿಳಿಸಿ ತೊಳೆಯಬೇಡಿ. ಹಳೆಯ ಎಂಜಿನ್ ಆಯಿಲನ್ನು ಚರಂಡಿಗೆ ಸುರಿಯದೆ, ಮರುಸಂಸ್ಕರಣೆಗೆ ಕೊಳ್ಳುವವರಿಗೆ ಕೊಡಿ. ಸೋರಿಕೆಯನ್ನು ಕೂಡಲೇ ಸರಿಪಡಿಸಿ. ಪೆಟ್ರೋಲಿನಿಂದ ಸೀಸ ತೆಗೆಯಲು ಜಗತ್ತಿಗೆ ನೂರು ವರ್ಷ ಬೇಕಾಯಿತು. ನಿಮ್ಮೂರ ಕೆರೆಗೆ ಅಷ್ಟು ಸಮಯವಿಲ್ಲ.