ಬೈಕಿಗೆ ಅಲಾರಂ ಹಾಕಿಸಿದರೆ ವಿಮೆ ಹಣ ಖಾತ್ರಿಯೇ?

ಇಂದ್ರಾಳಿಯ ರೈಲು ನಿಲ್ದಾಣದ ಬಳಿ ಬೈಕ್ ನಿಲ್ಲಿಸಿ ಮುಂಬೈಗೆ ಹೋಗುವವರಿದ್ದಾರೆ. ಮಣಿಪಾಲದಲ್ಲಿ ಪಿಜಿಯ ಎದುರು, ರಸ್ತೆ ಬದಿಯಲ್ಲೇ ರಾತ್ರಿಯಿಡೀ ಬೈಕ್ ಬಿಡುವ ವಿದ್ಯಾರ್ಥಿಗಳಿದ್ದಾರೆ. ಕಾಪುವಿನ ದೀಪಸ್ತಂಭದ ಹತ್ತಿರ ಸ್ಕೂಟರ್ ನಿಲ್ಲಿಸಿ ಸಮುದ್ರಕ್ಕಿಳಿಯುವವರು, ಕಾರ್ಕಳದ ಅತ್ತೂರು ಹಬ್ಬದ ಜನಜಂಗುಳಿಯಲ್ಲಿ ಎಲ್ಲೋ ಒಂದು ಕಡೆ ಬೈಕ್ ತೂರಿಸುವವರೂ ಇದ್ದಾರೆ. ಇವರೆಲ್ಲರ ಧೈರ್ಯ ಒಂದೇ: "ಇನ್ಶೂರೆನ್ಸ್ ಇದೆಯಲ್ಲ!" ಜೊತೆಗೊಂದು ಅಲಾರಂ ಇದ್ದರೆ ಇನ್ನೂ ನಿಶ್ಚಿಂತೆ. ಈ ಧೈರ್ಯದಲ್ಲಿ ಎಷ್ಟು ನಿಜ, ಎಷ್ಟು ತಪ್ಪು ತಿಳಿವಳಿಕೆ ಎಂಬುದನ್ನು ಒಂದೊಂದಾಗಿ ನೋಡೋಣ.

ನಂಬಿಕೆ 1: "ಐದು ವರ್ಷದ ಇನ್ಶೂರೆನ್ಸ್ ಇದೆ, ಕಳವಾದರೆ ಹಣ ಬರುತ್ತದೆ"

ಜನರು ಹೆಚ್ಚು ಎಡವುವುದು ಇಲ್ಲೇ. 2018ರ ಸೆಪ್ಟೆಂಬರ್ 1ರಿಂದ ಹೊಸ ದ್ವಿಚಕ್ರ ವಾಹನ ಕೊಳ್ಳುವಾಗ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಆದರೆ ಥರ್ಡ್ ಪಾರ್ಟಿ ಎಂದರೆ ನಮ್ಮ ಬೈಕಿನಿಂದ ಬೇರೆಯವರಿಗೆ ಆದ ಹಾನಿಗೆ ಮಾತ್ರ. ನಮ್ಮ ಬೈಕೇ ಕಳವಾದರೆ ಅದರಿಂದ ಒಂದು ರೂಪಾಯಿಯೂ ಬರುವುದಿಲ್ಲ. ಕಳವಿಗೆ ಪರಿಹಾರ ಸಿಗುವುದು 'ಓನ್ ಡ್ಯಾಮೇಜ್' ಭಾಗದಿಂದ. ಹೊಸ ಬೈಕಿನ ಜೊತೆ ಬರುವ ಆ ಭಾಗದ ಅವಧಿ ಸಾಮಾನ್ಯವಾಗಿ ಒಂದೇ ವರ್ಷ. ಎರಡನೇ ವರ್ಷ ಅದನ್ನು ನವೀಕರಿಸದಿದ್ದರೂ ಪೊಲೀಸರು ದಂಡ ಹಾಕುವುದಿಲ್ಲ, ಏಕೆಂದರೆ ಕಾನೂನು ಕೇಳುವುದು ಥರ್ಡ್ ಪಾರ್ಟಿಯನ್ನು ಮಾತ್ರ. ಹಾಗಾಗಿ ಅದು ಮುಗಿದದ್ದು ಎಷ್ಟೋ ಮನೆಗಳಲ್ಲಿ ಗೊತ್ತೇ ಆಗುವುದಿಲ್ಲ. ಗೊತ್ತಾಗುವುದು ಬೈಕ್ ಹೋದ ದಿನ.

ನಂಬಿಕೆ 2: "ಅಲಾರಂ ಇಲ್ಲದಿದ್ದರೆ ವಿಮಾ ಕಂಪನಿ ಒಪ್ಪುವುದಿಲ್ಲ"

ಬ್ರಿಟನ್‌ನಂಥ ದೇಶಗಳಲ್ಲಿ ಥ್ಯಾಚಮ್ ಎಂಬ ಸಂಸ್ಥೆ ಪರೀಕ್ಷಿಸಿ ದರ್ಜೆ ಕೊಟ್ಟ ಅಲಾರಂ ಇರಲೇಬೇಕೆಂದು ಕೆಲವು ಪಾಲಿಸಿಗಳು ಷರತ್ತು ಹಾಕುತ್ತವೆ. ನಮ್ಮಲ್ಲಿ ಸಾಮಾನ್ಯ ಬೈಕ್ ಪಾಲಿಸಿಗೆ ಅಂಥ ಕಡ್ಡಾಯವಿಲ್ಲ, ಇರುವುದು ರಿಯಾಯಿತಿ. ಪುಣೆಯ ಎಆರ್‌ಎಐ ಅನುಮೋದಿಸಿದ ಕಳವು ನಿರೋಧಕ ಸಾಧನವಿದ್ದು, ಅದರ ಅಳವಡಿಕೆಗೆ ಮಾನ್ಯತೆ ಪಡೆದ ಆಟೊಮೊಬೈಲ್ ಅಸೋಸಿಯೇಷನ್ ಪ್ರಮಾಣಪತ್ರ ಕೊಟ್ಟಿದ್ದರೆ ಓನ್ ಡ್ಯಾಮೇಜ್ ಪ್ರೀಮಿಯಂನಲ್ಲಿ 2.5% ರಿಯಾಯಿತಿ, ಗರಿಷ್ಠ 500 ರೂಪಾಯಿ. ಇದು 2002ರ ಮೋಟಾರ್ ಟ್ಯಾರಿಫ್‌ನಲ್ಲಿ ಬಂದ ಲೆಕ್ಕ.

ನಿಮ್ಮ ಓನ್ ಡ್ಯಾಮೇಜ್ ಪ್ರೀಮಿಯಂ 1,400 ರೂಪಾಯಿ ಎಂದುಕೊಳ್ಳಿ. ಅದರ 2.5% ಎಂದರೆ 35 ರೂಪಾಯಿ! ಇದಕ್ಕಾಗಿ ಸಾವಿರಾರು ರೂಪಾಯಿಯ ಸಾಧನ ಕೊಳ್ಳುವುದರಲ್ಲಿ ಅರ್ಥವಿಲ್ಲ. ಅಂಗಡಿಯಲ್ಲಿ ಸಿಗುವ ಅನುಮೋದನೆಯಿಲ್ಲದ ಅಲಾರಂಗೆ ಆ 35 ರೂಪಾಯಿಯೂ ಇಲ್ಲ. ಇನ್ನೊಂದು ವಿಷಯ: ರಿಯಾಯಿತಿ ಪಡೆದರೆ, ಪಾಲಿಸಿ ಮುಗಿಯುವವರೆಗೂ ಸಾಧನವನ್ನು ಸುಸ್ಥಿತಿಯಲ್ಲಿ ಇಡುವ ಹೊಣೆಯೂ ನಿಮ್ಮದಾಗುತ್ತದೆ. ಕೆಟ್ಟುಹೋದ ಅಲಾರಂ ಇಟ್ಟುಕೊಂಡು ರಿಯಾಯಿತಿ ಪಡೆಯುವುದು ಕಂಪನಿಗೆ ತಕರಾರು ತೆಗೆಯಲು ಅವಕಾಶ ಕೊಟ್ಟಂತೆ.

ಹಾಗಾದರೆ ಈ ಸಾಧನಗಳಿಂದ ಪ್ರಯೋಜನವೇ ಇಲ್ಲವೇ?

ಇದೆ, ಆದರೆ ಒಂದೊಂದರ ಕೆಲಸ ಒಂದೊಂದು ಬಗೆ.

ಅಲಾರಂ ಕೂಗುತ್ತದೆ, ಅಷ್ಟೇ. ಅದರೊಳಗಿನ ಸಂವೇದಕ ಅಲುಗಾಟವನ್ನು ಗುರುತಿಸುತ್ತದೆ. ಅಲುಗಾಡಿಸಿದ್ದು ಕಳ್ಳನೋ, ಗುಡುಗೋ, ಪಕ್ಕದಲ್ಲಿ ಹೋದ ಎಕ್ಸ್‌ಪ್ರೆಸ್ ಬಸ್ಸೋ ಎಂಬುದು ಅದಕ್ಕೆ ತಿಳಿಯದು. ನಮ್ಮ ಕರಾವಳಿಯ ಮಳೆಗಾಲದಲ್ಲಿ ದಿನಕ್ಕೆ ನಾಲ್ಕು ಸಲ ಸುಮ್ಮನೆ ಕೂಗಿದರೆ ಐದನೆಯ ಸಲ ಯಾರೂ ಕಿಟಕಿ ತೆರೆದು ನೋಡುವುದಿಲ್ಲ. ಅದು ಬ್ಯಾಟರಿಯನ್ನೂ ತಿನ್ನುತ್ತದೆ. 10 ಮಿಲಿ ಆಂಪಿಯರ್ ಎಳೆಯುವ ಸಾಧನ 3 ಆಂಪಿಯರ್-ಅವರ್ ಬ್ಯಾಟರಿಯನ್ನು ಹನ್ನೆರಡು-ಹದಿಮೂರು ದಿನಗಳಲ್ಲಿ ಬರಿದು ಮಾಡಬಲ್ಲದು. ರಜೆಗೆ ಒಂದು ತಿಂಗಳು ಊರಿಗೆ ಹೋಗುವ ವಿದ್ಯಾರ್ಥಿಯ ಅಲಾರಂ ಅರ್ಧದಲ್ಲೇ ಸುಮ್ಮನಾಗಿರುತ್ತದೆ.

ಇಮ್ಮೊಬಿಲೈಸರ್ ಬೈಕನ್ನು ಸ್ಟಾರ್ಟ್ ಆಗಲು ಬಿಡುವುದಿಲ್ಲ. ಕೀಯ ತಲೆಯೊಳಗೆ ಒಂದು ಪುಟ್ಟ ಚಿಪ್ ಇರುತ್ತದೆ. ಬೀಗದ ಸುತ್ತಲಿನ ಸುರುಳಿ ಅದಕ್ಕೆ ಶಕ್ತಿ ಕೊಟ್ಟು ಸಂಕೇತವನ್ನು ಓದುತ್ತದೆ. ಸಂಕೇತ ಹೊಂದದಿದ್ದರೆ ಎಂಜಿನ್ ಚಾಲೂ ಆಗದು. ನಕಲಿ ಕೀಗೆ ಇದು ಒಳ್ಳೆಯ ಉತ್ತರ. ಆದರೆ ಬೈಕನ್ನೇ ಎತ್ತಿ ಟೆಂಪೊಗೆ ಹಾಕಿದರೆ ಇದೇನೂ ಮಾಡಲಾರದು.

ಟ್ರ್ಯಾಕರ್ ಬೈಕ್ ಎಲ್ಲಿದೆ ಎಂದು ಹೇಳುತ್ತದೆ. ಜಿಪಿಎಸ್ ಉಪಗ್ರಹದಿಂದ ಸಂಕೇತ ಪಡೆಯುತ್ತದೆಯೇ ಹೊರತು ನಮಗೆ ಸುದ್ದಿ ಕಳಿಸುವುದಿಲ್ಲ. ಕಳಿಸುವುದು ಅದರೊಳಗಿನ ಸಿಮ್. ಸಿಮ್‌ನ ರೀಚಾರ್ಜ್ ಮುಗಿದಿದ್ದರೆ, ಅಥವಾ ಬೈಕ್ ಕಾರ್ಕಳದಿಂದ ಮಾಳದ ದಾರಿಯಾಗಿ ಘಟ್ಟ ಹತ್ತಿ ನೆಟ್‌ವರ್ಕ್ ಇಲ್ಲದ ಕಾಡು ಸೇರಿದರೆ, ನಕ್ಷೆಯ ಚುಕ್ಕೆ ನಿಂತಲ್ಲೇ ನಿಲ್ಲುತ್ತದೆ.

ಇನ್ನು, ಹೊಸ ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟ್‌ನಲ್ಲಿ ಜಿಪಿಎಸ್ ಇದೆ ಎಂಬುದು ಸುಳ್ಳು. ಅದರಲ್ಲಿರುವುದು ಹೊಲೊಗ್ರಾಂ, ಲೇಸರ್‌ನಲ್ಲಿ ಕೊರೆದ ಸಂಖ್ಯೆ ಮತ್ತು ಒಮ್ಮೆ ಬಿಗಿದರೆ ಮುರಿಯದೆ ತೆಗೆಯಲಾಗದ ಲಾಕ್.

ಹ್ಯಾಂಡಲ್ ಲಾಕ್ ಬಲವಾಗಿ ಒದ್ದರೆ ಮುರಿಯಬಹುದು. ಆದರೂ ಅದನ್ನು ಬಿಡಬಾರದು. ಉಪ್ಪುಗಾಳಿಗೆ ತುಕ್ಕು ಹಿಡಿದು ಬಿಗಿಯಾದರೆ ಹಲವರು ಹಾಕುವುದನ್ನೇ ಬಿಡುತ್ತಾರೆ. ಸರ್ವಿಸ್ ಮಾಡಿಸುವಾಗ ಸರಿಮಾಡಿಸಿ. ಜೊತೆಗೆ ಡಿಸ್ಕ್ ಲಾಕ್, ಅಥವಾ ಗಟ್ಟಿ ಕಂಬಕ್ಕೆ ಸೇರಿಸಿ ಹಾಕುವ ಸರಪಳಿ ಇದ್ದರೆ ಕಳ್ಳನ ಸಮಯ ಹಾಳಾಗುತ್ತದೆ. ಅವನಿಗೆ ಬೇಡವಾದದ್ದು ಅದೇ.

ವಿಮಾ ಕಂಪನಿ ನಿಜವಾಗಿ ಕೇಳುವುದೇನು?

ವಾಹನವನ್ನು ಕಾಪಾಡಲು ಮಾಲೀಕರು ಸೂಕ್ತ ಎಚ್ಚರಿಕೆ ವಹಿಸಬೇಕು ಎಂಬ ಷರತ್ತು ಪಾಲಿಸಿಯಲ್ಲೇ ಇರುತ್ತದೆ. ಆದ್ದರಿಂದ ಕಂಪನಿ ಸಾಮಾನ್ಯವಾಗಿ ಮೊದಲು ಕೇಳುವುದು ಎರಡೂ ಮೂಲ ಕೀಗಳನ್ನು. "ಒಂದು ಮಾತ್ರ ಇದೆ" ಎಂದರೆ ಇನ್ನೊಂದು ಬೈಕಿನಲ್ಲೇ ಇತ್ತೇ ಎಂಬ ಅನುಮಾನ ಹುಟ್ಟುತ್ತದೆ. ಕೀ ಬಿಟ್ಟು ಇಳಿದ ಮಾತ್ರಕ್ಕೆ ಎಲ್ಲವೂ ಹೋಯಿತು ಎಂದಲ್ಲ. ಚಾಲಕ ಕೀಯನ್ನು ಲಾರಿಯಲ್ಲೇ ಬಿಟ್ಟಾಗ ನಡೆದ ಕಳವಿನ ಪ್ರಕರಣದಲ್ಲಿ 2023ರಲ್ಲಿ ಸುಪ್ರೀಂ ಕೋರ್ಟ್ 75% ಪರಿಹಾರ ಕೊಡಿಸಿತು. ಆದರೆ ಅದಕ್ಕಾಗಿ ಕೋರ್ಟಿನವರೆಗೆ ಹೋಗಬೇಕಾಯಿತು.

ಕಳವಾದದ್ದು ಗೊತ್ತಾದ ಕೂಡಲೇ ಪೊಲೀಸರಿಗೆ ದೂರು ಕೊಡಿ. ಬೈಕ್ ಕಾಪುವಿನಲ್ಲಿ ಹೋಗಿದ್ದು ನೀವು ಉಡುಪಿಯಲ್ಲಿದ್ದರೂ ಸರಿ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಅದೇ ದಿನ ವಿಮಾ ಕಂಪನಿಗೂ ತಿಳಿಸಿ. ಬೈಕ್ ಪತ್ತೆಯಾಗದಿದ್ದರೆ ಪೊಲೀಸರು ಕೊಡುವ 'ಸಿ ರಿಪೋರ್ಟ್' ಮುಂದೆ ಬೇಕಾಗುತ್ತದೆ.

ಬರುವ ಹಣ ಬೈಕ್ ಕೊಂಡ ಬೆಲೆಯಲ್ಲ, ಪಾಲಿಸಿಯಲ್ಲಿ ಬರೆದ ಐಡಿವಿ. ಎರಡು ವರ್ಷ ದಾಟಿ ಮೂರರೊಳಗಿನ ಬೈಕಿಗೆ ಸವಕಳಿ 30%. ಲಕ್ಷ ರೂಪಾಯಿಯ ಬೈಕ್ 70,000 ಆಗಿರುತ್ತದೆ. ಸಾಲ ಬಾಕಿಯಿದ್ದರೆ ಮೊದಲ ಪಾಲು ಸಾಲ ಕೊಟ್ಟವರಿಗೆ.

ಆದ್ದರಿಂದ ಅಲಾರಂ ಕೊಳ್ಳುವ ಮೊದಲು ಎರಡು ಕೆಲಸ ಮಾಡಿ. ಪಾಲಿಸಿ ತೆರೆದು ಓನ್ ಡ್ಯಾಮೇಜ್ ಭಾಗ ಯಾವ ದಿನಾಂಕದವರೆಗೆ ಇದೆ ನೋಡಿ. ಆಮೇಲೆ ಎರಡನೇ ಕೀ ಎಲ್ಲಿದೆ ಹುಡುಕಿ. ಈ ಎರಡೂ ಸರಿಯಿಲ್ಲದಿದ್ದರೆ ಎಷ್ಟೇ ಜೋರಾಗಿ ಕೂಗುವ ಅಲಾರಂ ಇದ್ದರೂ ವಿಮೆ ನಿಮ್ಮ ಕೈ ಹಿಡಿಯುವುದು ಕಷ್ಟ.